ಮಲಗಿದಂತೆ ನಟಿಸಿದ ರೇಡಿಯೊ

2011ರ ಮಳೆಗಾಲ. ಬೆಂಗಳೂರಿನ ಒಂದು ಪಿಜಿಯ ಎರಡನೇ ಮಹಡಿ. ನಾಲ್ಕು ಮಂಚ, ನಾಲ್ಕು ಲ್ಯಾಪ್‌ಟಾಪ್, ಒಂದೇ ಡಾಂಗಲ್. ಈಗಿನ ಹುಡುಗರಿಗೆ ಡಾಂಗಲ್ ಎಂದರೆ ಏನೆಂದು ಹೇಳಬೇಕಾಗುತ್ತದೆ: ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ತುಂಡು, ಒಳಗೊಂದು ಸಿಮ್, ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಇಂಟರ್‌ನೆಟ್ ಬರುತ್ತದೆ. ಬರುತ್ತದೆ ಎನ್ನುವುದು ಕಂಪನಿಯವರ ಮಾತು. ನಮ್ಮ ಕೋಣೆಯಲ್ಲಿ ಅದು ಕಿಟಕಿಯ ಬಳಿ ಮಾತ್ರ ಬರುತ್ತಿತ್ತು. ಒಂದು ಉದ್ದನೆಯ ಕೇಬಲ್ ತಂದು, ಡಾಂಗಲನ್ನು ಕಿಟಕಿಯ ಸರಳಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದ್ದೆವು. ಮಳೆ ಬಂದರೆ ಅದಕ್ಕೆ ಹಾಲಿನ ಪ್ಯಾಕೆಟ್ಟಿನ ಕವರೇ ರೇನ್‌ಕೋಟು.

ಬಿಲ್ಲನ್ನು ನಾಲ್ಕು ಪಾಲು ಮಾಡಿಕೊಂಡಿದ್ದೆವು. ಇಂಟರ್‌ನೆಟ್ಟನ್ನು ಮಾತ್ರ ಪಾಲು ಮಾಡಲು ಬರುತ್ತಿರಲಿಲ್ಲ. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟ ಹಾಗೆ ಸರದಿ. ಒಬ್ಬ ರೆಸ್ಯೂಮೆ ಕಳಿಸುವಾಗ ಉಳಿದ ಮೂವರು ಸುಮ್ಮನೆ ಕೂರಬೇಕು. ಅವನು ರೆಸ್ಯೂಮೆ ಹೆಸರಲ್ಲಿ ಸಿನಿಮಾ ಹಾಡು ಕೇಳುತ್ತಿದ್ದಾನೆ ಎಂಬ ಗುಮಾನಿ ಬೇರೆ.

ಒಂದು ರಾತ್ರಿ ಧಾರವಾಡದ ಹುಡುಗ ಕರೆಂಟ್ ಹೋಗಿ ಬಂದ ಹೊತ್ತಿನಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಕಿಟಕಿ ತೆರೆದ. ವಿಂಡೋಸ್ 7ರ ಕಮಾಂಡ್ ಪ್ರಾಂಪ್ಟ್. ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ಒಂದು ಉದ್ದ ಸಾಲನ್ನು ಒಂದೊಂದೇ ಅಕ್ಷರ ಒತ್ತಿ ಬರೆದ: ನೆಟ್‌ಎಸ್‌ಎಚ್, ಡಬ್ಲ್ಯುಲ್ಯಾನ್, ಸೆಟ್, ಹೋಸ್ಟೆಡ್‌ನೆಟ್‌ವರ್ಕ್, ಆಮೇಲೆ ಒಂದು ಹೆಸರು, ಒಂದು ಪಾಸ್‌ವರ್ಡ್. ಎರಡನೇ ಸಾಲಿನಲ್ಲಿ ಸೆಟ್ ಬದಲು ಸ್ಟಾರ್ಟ್. ನಾವು 'ಏನೋ ಅದು' ಎಂದರೆ 'ಸುಮ್ಮ ಕೂಡ್ರಿ, ಆಗತೈತಿ' ಎಂದ. ಹೋಸ್ಟೆಡ್ ನೆಟ್‌ವರ್ಕ್ ಶುರುವಾಯಿತು ಎಂದು ಪರದೆಯ ಮೇಲೆ ಒಂದು ಒಣ ಸಾಲು ಮೂಡಿತು. ಅವನು ಡಾಂಗಲಿನ ಪ್ರಾಪರ್ಟೀಸ್‌ಗೆ ಹೋಗಿ, ಶೇರಿಂಗ್ ಎಂಬ ಹಾಳೆಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದ. ಅರ್ಧ ನಿಮಿಷದಲ್ಲಿ ಉಳಿದ ಮೂರು ಲ್ಯಾಪ್‌ಟಾಪುಗಳ ವೈಫೈ ಪಟ್ಟಿಯಲ್ಲಿ ಹೊಸ ಹೆಸರು ಬಂತು. ಅವನು ಇಟ್ಟಿದ್ದ ಹೆಸರು 'ಪೇಡಾ'.

ನಾಲ್ವರೂ ಒಟ್ಟಿಗೆ ಒಳಗೆ ಹೋದೆವು. ವೇಗ ನಾಲ್ಕು ಪಾಲಾಗಿ ಹಾಳಾಯಿತು, ಸರದಿ ಮಾತ್ರ ಅವತ್ತಿಗೆ ಮುಗಿಯಿತು. ನನಗೆ ಅಂದಿನಿಂದ ಕಾಡಿದ ಪ್ರಶ್ನೆ ಬೇರೆ. ಇಷ್ಟು ಉಪಯೋಗದ ಒಂದು ಸಂಗತಿಗೆ ಗುಂಡಿ ಯಾಕಿರಲಿಲ್ಲ? ಕಪ್ಪು ಕಿಟಕಿಯೊಳಗೆ ಕದ್ದಿಟ್ಟ ಹಾಗೆ ಯಾಕೆ ಇಟ್ಟಿದ್ದರು?

ಹುಡುಕಿಕೊಂಡು ಹೋದರೆ ತಿಳಿಯುವುದು ಇಷ್ಟು: ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಎಂಬುದನ್ನು ಯಾರೋ ಒಬ್ಬರು ಒಂದು ದಿನ ಕಂಡುಹಿಡಿದದ್ದಲ್ಲ. ಅದು ಎರಡು ಸುಳ್ಳುಗಳನ್ನು ಜೋಡಿಸಿದ ಯಂತ್ರ. ಒಂದು ಸುಳ್ಳನ್ನು ಲ್ಯಾಪ್‌ಟಾಪು ಹೊರಗಿನ ಲೋಕಕ್ಕೆ ಹೇಳುತ್ತದೆ: 'ಇಲ್ಲಿ ನಾನೊಬ್ಬನೇ ಇದ್ದೇನೆ.' ಇನ್ನೊಂದನ್ನು ಅದರ ರೇಡಿಯೊ ಹೇಳುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ನನಗೆ ಹೆಚ್ಚು ಇಷ್ಟವಾದದ್ದು ಅದೇ.

ಮೊದಲ ಸುಳ್ಳಿನ ಬೇರು ವಿಳಾಸದ ಬರಗಾಲದಲ್ಲಿದೆ. ಇಂಟರ್‌ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸ ಬೇಕು. 1970ರ ದಶಕದಲ್ಲಿ ವಿಂಟ್ ಸರ್ಫ್ ಮತ್ತು ಸಂಗಡಿಗರು ಅದಕ್ಕೆ 32 ಬಿಟ್ ಸಾಕು ಎಂದು ನಿಶ್ಚಯಿಸಿದರು. 32 ಬಿಟ್ ಎಂದರೆ ಸುಮಾರು 429 ಕೋಟಿ ವಿಳಾಸ. ಅದೊಂದು ಪ್ರಯೋಗವಾಗಿದ್ದ ಕಾಲಕ್ಕೆ ಅದು ಸಾಗರದಷ್ಟು. 1990ರ ಹೊತ್ತಿಗೆ ಲೆಕ್ಕ ಹಾಕುವವರಿಗೆ ತಳ ಕಾಣತೊಡಗಿತ್ತು. ವಿಶ್ವವಿದ್ಯಾಲಯಗಳು, ದೊಡ್ಡ ಕಂಪನಿಗಳು ಒಂದೊಂದೂ ಲಕ್ಷಗಟ್ಟಲೆ ವಿಳಾಸ ಬಾಚಿಕೊಂಡು ಕೂತಿದ್ದವು.

1993ರ ಜನವರಿಯಲ್ಲಿ ಪಾಲ್ ಫ್ರಾನ್ಸಿಸ್ ಮತ್ತು ಟೋನಿ ಎಂಗ್ ಎಂಬಿಬ್ಬರು ಒಂದು ಪ್ರಬಂಧ ಪ್ರಕಟಿಸಿದರು. ಪಾಲ್ ಫ್ರಾನ್ಸಿಸ್ ಆಗ ಪಾಲ್ ತ್ಸುಚಿಯಾ ಎಂಬ ಹೆಸರಲ್ಲಿ ಬರೆಯುತ್ತಿದ್ದರು. ಅವರ ಸಲಹೆ ಸರಳ: ಒಂದೇ ವಿಳಾಸವನ್ನು ಬೇರೆ ಬೇರೆ ಕಚೇರಿಗಳ ಒಳಗೆ ಮತ್ತೆ ಮತ್ತೆ ಬಳಸೋಣ. ಒಳಗಿನ ವಿಳಾಸ ಒಳಗೇ ಇರಲಿ. ಹೊಸ್ತಿಲಲ್ಲಿ ಒಬ್ಬ ಕೂತು, ಹೊರಗೆ ಹೋಗುವಾಗ ಒಳವಿಳಾಸ ಅಳಿಸಿ ಹೊರವಿಳಾಸ ಬರೆಯಲಿ, ಒಳಗೆ ಬರುವಾಗ ತಿರುಗಿಸಿ ಬರೆಯಲಿ. 1994ರ ಮೇ ತಿಂಗಳಲ್ಲಿ ಡೆನ್ಮಾರ್ಕಿನ ಶೆಲ್ಡ್ ಎಗೆವಾಂಗ್ ಮತ್ತು ಇದೇ ಫ್ರಾನ್ಸಿಸ್ ಸೇರಿ ಇದನ್ನು ಆರ್‌ಎಫ್‌ಸಿ 1631 ಎಂಬ ದಾಖಲೆಯಾಗಿ ಬರೆದರು. ಅದಕ್ಕೆ ನ್ಯಾಟ್ ಎಂಬ ಹೆಸರು ಬಿತ್ತು. ಸೊಗಸೆಂದರೆ, ಬರೆದವರಿಗೇ ಇದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಇದರಲ್ಲಿ ದೋಷಗಳಿವೆ, ಬಹುಕಾಲದ ಪರಿಹಾರ ಇದಲ್ಲ, ಸದ್ಯಕ್ಕೂ ಸರಿಹೋಗದಿರಬಹುದು ಎಂದು ಅವರೇ ಬರೆದಿಟ್ಟರು. ಸದ್ಯಕ್ಕೆಂದು ಕಟ್ಟಿದ ಚಪ್ಪರ ನಮ್ಮಲ್ಲಿ ಎಷ್ಟು ವರ್ಷ ನಿಲ್ಲುತ್ತದೆಂದು ಗೊತ್ತಲ್ಲ. ಇದೂ ಹಾಗೇ ನಿಂತಿದೆ. ಹೊಸ ವಿಳಾಸದ ಕೊನೆಯ ಗಂಟುಗಳು 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದಿಂದ ಖಾಲಿಯಾದವು. ನಮ್ಮ 'ಪೇಡಾ' ಹುಟ್ಟಿದ್ದು ಅದಾದ ಕೆಲವೇ ತಿಂಗಳಿಗೆ.

ನ್ಯಾಟ್ ದಾಖಲೆ ಬಂದ ಹೊತ್ತಿಗೇ ಅಮೆರಿಕದಲ್ಲಿ ಜಾನ್ ಮೇಯ್ಸ್ ಎಂಬವರ ಪುಟ್ಟ ಕಂಪನಿ ನೆಟ್‌ವರ್ಕ್ ಟ್ರಾನ್ಸ್‌ಲೇಶನ್ ಇಂಥದ್ದೇ ಒಂದು ಪೆಟ್ಟಿಗೆ ಮಾಡಿತು. ಬ್ರ್ಯಾಂಟ್ಲಿ ಕಾಯ್ಲ್ ಅದಕ್ಕೆ ಸಾಫ್ಟ್‌ವೇರ್ ಬರೆದರು. ಹೆಸರು ಪಿಕ್ಸ್. ಅವರು ಮಾದರಿಯಾಗಿಟ್ಟುಕೊಂಡದ್ದು ಕಚೇರಿಗಳ ಟೆಲಿಫೋನ್ ಎಕ್ಸ್‌ಚೇಂಜನ್ನು: ಹೊರಗೆ ಒಂದು ನಂಬರು, ಒಳಗೆ ನೂರು ಎಕ್ಸ್‌ಟೆನ್ಶನ್. 1995ರಲ್ಲಿ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು.

ನನಗೆ ಹೊಳೆಯುವ ಹೋಲಿಕೆ ಹಳೆಯದು. ಹಳ್ಳಿಯಿಂದ ಬೆಂಗಳೂರಿಗೋ ಮೈಸೂರಿಗೋ ಬಂದು ವಠಾರದಲ್ಲಿ ಇಳಿದವರಿಗೆ ಕಾಗದ ಬರುತ್ತಿದ್ದದ್ದು ಕೇರಾಫ್ ಅಂಗಡಿ ಶೆಟ್ಟರು. ಅಂಚೆಯವನಿಗೆ ಗೊತ್ತಿದ್ದದ್ದು ಶೆಟ್ಟರ ಅಂಗಡಿ ಒಂದೇ. ಯಾವ ಕಾಗದ ಯಾವ ಕೋಣೆಗೆ ಎಂಬುದು ಶೆಟ್ಟರ ತಲೆಯಲ್ಲಿತ್ತು. ಲ್ಯಾಪ್‌ಟಾಪು ಹಾಟ್‌ಸ್ಪಾಟ್ ಆದಾಗ ಮಾಡುವುದು ಶೆಟ್ಟರ ಕೆಲಸ.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಕೋಣೆಯಲ್ಲಿ ಡಾಂಗಲ್ ಇದ್ದ ಲ್ಯಾಪ್‌ಟಾಪು ತನಗೆ ತಾನೇ 192.168.137.1 ಎಂಬ ಒಳವಿಳಾಸ ಕೊಟ್ಟುಕೊಂಡಿತ್ತು. ನನ್ನದಕ್ಕೆ ಕೊನೆಯ ಅಂಕಿ 23 ಎಂದಿಟ್ಟುಕೊಳ್ಳಿ. 192.168 ಎಂದು ಶುರುವಾಗುವ ವಿಳಾಸಗಳು ಯಾರ ಸ್ವತ್ತೂ ಅಲ್ಲ. 1994ರಲ್ಲಿ ಮತ್ತು ತಿದ್ದುಪಡಿಯೊಂದಿಗೆ 1996ರಲ್ಲಿ, ಮನೆಯೊಳಗಿನ ಬಳಕೆಗೆಂದೇ ಎತ್ತಿಟ್ಟ ಗೋಮಾಳ ಅವು. ಇಂಟರ್‌ನೆಟ್ಟಿನ ದೊಡ್ಡ ಬೀದಿಯಲ್ಲಿ ಆ ವಿಳಾಸಕ್ಕೆ ಬೆಲೆಯಿಲ್ಲ. ನಾನು ಯಾವುದೋ ಪುಟ ತೆರೆಯಲು ಒತ್ತಿದೆ. ನನ್ನ ಪೊಟ್ಟಣದ ಮೇಲೆ '23ನೇ ಮನೆ, 51234ನೇ ಬಾಗಿಲು' ಎಂದಿರುತ್ತದೆ. ಬಾಗಿಲು ಎಂದರೆ ಪೋರ್ಟ್. ಪ್ರತಿ ವಿಳಾಸಕ್ಕೂ 65,536 ಪೋರ್ಟುಗಳ ಲೆಕ್ಕ. ಶೆಟ್ಟರು ಅದನ್ನು ಹೊಡೆದುಹಾಕಿ 'ಡಾಂಗಲಿನ ವಿಳಾಸ, 40012ನೇ ಬಾಗಿಲು' ಎಂದು ಬರೆಯುತ್ತಾರೆ. ತಮ್ಮ ಪುಸ್ತಕದಲ್ಲಿ '40012 ಅಂದರೆ 23ರ 51234' ಎಂದು ಗುರುತು ಹಾಕಿಕೊಳ್ಳುತ್ತಾರೆ. ಉತ್ತರ 40012ಕ್ಕೆ ಬಂದಾಗ ಪುಸ್ತಕ ನೋಡಿ ನನಗೆ ದಾಟಿಸುತ್ತಾರೆ. ಸುಳ್ಳು ಹೇಳುವವನಿಗೆ ನೆನಪು ಚೆನ್ನಾಗಿರಬೇಕು ಎನ್ನುತ್ತಾರಲ್ಲ, ನ್ಯಾಟ್ ಎಂದರೆ ಆ ನೆನಪಿನ ಪುಸ್ತಕವೇ.

ಸುಳ್ಳು ಸಿಕ್ಕಿಬೀಳುವುದೂ ಉಂಟು. ಪ್ರತಿ ಪೊಟ್ಟಣಕ್ಕೂ ಟಿಟಿಎಲ್ ಎಂಬ ಆಯುಸ್ಸಿನ ಅಂಕಿ ಇರುತ್ತದೆ. ದಾರಿಯಲ್ಲಿ ಕೈ ಬದಲಿಸಿದಾಗಲೆಲ್ಲ ಅದು ಒಂದು ಇಳಿಯುತ್ತದೆ. ವಿಂಡೋಸ್ ಸಾಮಾನ್ಯವಾಗಿ 128ರಿಂದ ಶುರುಮಾಡುತ್ತದೆ. ಡಾಂಗಲಿನಿಂದ ಹೊರಟ ಪೊಟ್ಟಣದಲ್ಲಿ 127 ಕಂಡರೆ, ಇದು ಮಧ್ಯೆ ಇನ್ನೊಬ್ಬರ ಕೈಯಿಂದ ಬಂದಿದೆ ಎಂದು ಜಾಣ ಕಂಪನಿಗೆ ಅರ್ಥವಾಗುತ್ತದೆ. ಹಂಚಿಕೊಂಡರೆ ಬೇರೆ ದುಡ್ಡು ಎಂದು ಕೇಳುವ ಕಂಪನಿಗಳು ಹೊರದೇಶಗಳಲ್ಲಿ ಹೀಗೆ ಹಿಡಿದದ್ದಿದೆ. ನಮ್ಮ ಡಾಂಗಲ್ ಕಂಪನಿ ಅಷ್ಟು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಹಂಚಿಕೊಳ್ಳುವ ಆಸೆ ಮಾತ್ರ ಪುಸ್ತಕದ ಸಿದ್ಧಾಂತಕ್ಕೆ ಕಾಯಲಿಲ್ಲ. ಮನೆಯಲ್ಲಿ ಒಂದು ಮೋಡೆಮ್, ಎರಡು ಕಂಪ್ಯೂಟರ್ ಇದ್ದವರೆಲ್ಲ 1990ರ ದಶಕದ ಮಧ್ಯದಲ್ಲೇ ದಾರಿ ಹುಡುಕತೊಡಗಿದ್ದರು. ಲಿನಕ್ಸ್ ಹವ್ಯಾಸಿಗಳು ಇದಕ್ಕೆ ಐಪಿ ಮಾಸ್ಕರೇಡಿಂಗ್ ಎಂದು ಹೆಸರಿಟ್ಟರು, ಅಂದರೆ ವೇಷ ಹಾಕುವುದು. ನ್ಯಾಟ್ ಎಂಬ ಗುಮಾಸ್ತನ ಹೆಸರಿಗಿಂತ ಇದು ಎಷ್ಟೋ ವಾಸಿ. ನ್ಯೂಜಿಲೆಂಡಿನಿಂದ ವಿನ್‌ಗೇಟ್ ಎಂಬ ತಂತ್ರಾಂಶ ಬಂತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ತನ್ನ ಮೊದಲ ಕೆಫೆ ತೆರೆದಾಗ ಕಾಫಿಯ ಜೊತೆ ಮಾರಿದ್ದು ಇಂಟರ್‌ನೆಟ್ಟನ್ನೇ. ಆಮೇಲೆ ಗಲ್ಲಿಗಲ್ಲಿಗೂ ಸೈಬರ್ ಕೆಫೆ ಬಂದವಲ್ಲ, ಪ್ಲೈವುಡ್ ಗೂಡು, ಗಂಟೆಯ ಲೆಕ್ಕ, ಕೀಬೋರ್ಡಿನಲ್ಲಿ ಅಳಿಸಿಹೋದ ಅಕ್ಷರ; ಅಲ್ಲಿ ಎಂಟು ಹತ್ತು ಯಂತ್ರಗಳು ಒಂದೇ ಫೋನ್ ಲೈನಿನ ಹಿಂದೆ ಅಡಗಿ ಕೂರುತ್ತಿದ್ದದ್ದು ಇಂತಹ ತಂತ್ರಾಂಶಗಳ ಕೃಪೆಯಿಂದ. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್ ಎಂಬ ಸೌಲಭ್ಯ ಸೇರಿಸಿತು. ನಮ್ಮ ಧಾರವಾಡದವನು ಟಿಕ್ ಹಾಕಿದ ಚೌಕ ಅದರ ಮೊಮ್ಮಗ.

ಇದೆಲ್ಲ ಕೇಬಲ್ ಕಾಲದ ಮಾತು. ತಂತಿ ಬಿಟ್ಟ ಕತೆ ಬೇರೆ ದಿಕ್ಕಿನಿಂದ ಬರುತ್ತದೆ. ಅದರ ಒಂದು ಕೊನೆ ಹವಾಯಿ ದ್ವೀಪದಲ್ಲಿದೆ.

ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರಿಗೆ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಹುಚ್ಚು. ಅದಕ್ಕಾಗಿಯೇ ಹವಾಯಿ ವಿಶ್ವವಿದ್ಯಾಲಯಕ್ಕೆ ಬಂದರೆಂದು ಅವರೇ ಹೇಳಿಕೊಂಡಿದ್ದಾರೆ. ಕಂಪ್ಯೂಟರ್ ಒಂದು ದ್ವೀಪದಲ್ಲಿ, ಬಳಸುವವರು ಬೇರೆ ದ್ವೀಪಗಳಲ್ಲಿ. ಟೆಲಿಫೋನ್ ತಂತಿ ದುಬಾರಿ, ಕೆಟ್ಟದ್ದು. 1971ರಲ್ಲಿ ಅವರ ತಂಡ ರೇಡಿಯೊದಲ್ಲೇ ಡೇಟಾ ಕಳಿಸುವ ಅಲೋಹಾನೆಟ್ ಶುರುಮಾಡಿತು, ಸೆಕೆಂಡಿಗೆ 9,600 ಬಿಟ್. ನಡುವಿನ ಯಂತ್ರಕ್ಕೆ ಮೆನೆಹುನೆ ಎಂದು ಹೆಸರು, ಹವಾಯಿಯ ಜನಪದ ಕತೆಗಳ ಕುಳ್ಳ ಜನರ ಹೆಸರದು. ಒಂದೇ ತರಂಗದಲ್ಲಿ ಎಲ್ಲರೂ ಮಾತಾಡಿದರೆ ಗದ್ದಲವಲ್ಲವೇ? ಅಬ್ರಾಮ್ಸನ್ ಸರದಿ ಹಚ್ಚಲಿಲ್ಲ. ಹೇಳಬೇಕೆನಿಸಿದಾಗ ಹೇಳಿಬಿಡಿ, ಇನ್ನೊಬ್ಬರ ಮಾತಿಗೆ ಡಿಕ್ಕಿಯಾಗಿ ಉತ್ತರ ಬಾರದಿದ್ದರೆ, ಮನಬಂದಷ್ಟು ಹೊತ್ತು ತಡೆದು ಮತ್ತೆ ಹೇಳಿ. ಹೀಗೆ ಮಾಡಿದರೆ ಹಾದಿಯ ಸುಮಾರು ಶೇಕಡಾ 18 ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಅವರೇ ಲೆಕ್ಕ ಮಾಡಿದರು. ಆದರೂ ಕೆಲಸವಾಯಿತು. ಬಾಬ್ ಮೆಟ್‌ಕಾಫ್ ಈ ಪ್ರಬಂಧ ಓದಿ, ತಿದ್ದಿ, 1973ರಲ್ಲಿ ಈಥರ್‌ನೆಟ್ ಮಾಡಿದ. ವೈಫೈನ ನಡವಳಿಕೆಯಲ್ಲೂ ಅದೇ ವಂಶದ ಗುಣವಿದೆ. ಮೊದಲು ಕಿವಿಗೊಡು, ಸದ್ದಿಲ್ಲದಿದ್ದರೆ ಮಾತಾಡು, ಡಿಕ್ಕಿಯಾದರೆ ತಡೆ. ನಮ್ಮ ಊರ ಪಂಚಾಯ್ತಿಗಳು ಕಲಿಯಬಹುದಾದ ನಿಯಮ.

ಎರಡನೆಯ ಹೆಜ್ಜೆ ಒಂದು ಸರ್ಕಾರಿ ಆದೇಶ. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ, ಎಂಜಿನಿಯರ್ ಮೈಕೆಲ್ ಮಾರ್ಕಸ್ ಒತ್ತಾಸೆಯಿಂದ, ಕೆಲವು ತರಂಗಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಸಂಪರ್ಕಕ್ಕೆ ಬಳಸಲು ಬಿಟ್ಟುಕೊಟ್ಟಿತು. ಉದಾರವೇನಲ್ಲ, ಅವು ಯಾರಿಗೂ ಬೇಡದ ಪಟ್ಟಿಗಳು. ಅದರಲ್ಲೊಂದು 2.4 ಗಿಗಾಹರ್ಟ್ಸ್, ಮೈಕ್ರೋವೇವ್ ಒಲೆಗಳು ಅನ್ನ ಬಿಸಿ ಮಾಡುತ್ತ ಗದ್ದಲ ಎಬ್ಬಿಸುವ ಜಾಗ. ಈಗಲೂ ಒಲೆ ಹಚ್ಚಿದಾಗ ಅಡುಗೆಮನೆಯ ಪಕ್ಕದಲ್ಲಿ ವೈಫೈ ತಡವರಿಸಿದರೆ ಅದು ಹಳೆಯ ಬಾಡಿಗೆದಾರನ ಹಕ್ಕು. ಭಾರತ ಈ ಪಟ್ಟಿಯನ್ನು ಲೈಸೆನ್ಸಿನಿಂದ ಪೂರ್ತಿ ಬಿಡಿಸಿದ್ದು 2005ರ ಜನವರಿಯಲ್ಲಿ.

ಆ ಬೇಡದ ಜಾಗಕ್ಕೆ ಮೊದಲು ನುಗ್ಗಿದವರಲ್ಲಿ ಎನ್‌ಸಿಆರ್ ಕಂಪನಿಯೂ ಒಂದು. ಅಂಗಡಿಗಳ ಗಲ್ಲಾಪೆಟ್ಟಿಗೆ ಮಾಡುತ್ತಿದ್ದ ಅವರಿಗೆ, ಅಂಗಡಿಯವರು ಪೆಟ್ಟಿಗೆ ಆಚೀಚೆ ಸರಿಸಿದಾಗಲೆಲ್ಲ ಕೇಬಲ್ ಎಳೆಯುವುದು ಸಾಕಾಗಿತ್ತು. ನೆದರ್ಲೆಂಡ್ಸಿನ ಅವರ ಎಂಜಿನಿಯರುಗಳು ವೇವ್‌ಲ್ಯಾನ್ ಮಾಡಿದರು. ಅವರಲ್ಲೊಬ್ಬರಾದ ವಿಕ್ ಹೇಯ್ಸ್, 1990ರಿಂದ ಹತ್ತು ವರ್ಷ 802.11 ಎಂಬ ಸಮಿತಿಯ ಅಧ್ಯಕ್ಷರಾಗಿದ್ದು ಜಗಳವಾಡುವ ಕಂಪನಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. 1997ರಲ್ಲಿ ಮೊದಲ ನಿಯಮಾವಳಿ ಬಂತು, ವೇಗ 2 ಮೆಗಾಬಿಟ್. ಎರಡು ವರ್ಷಕ್ಕೆ 11 ಮೆಗಾಬಿಟ್ಟಾಯಿತು, ವೈಫೈ ಎಂಬ ಹೆಸರು ಬಂತು. ಆ ಹೆಸರನ್ನು ಒಂದು ಬ್ರ್ಯಾಂಡ್ ಕಂಪನಿ ಹುಟ್ಟಿಸಿದ್ದು. ಅದಕ್ಕೆ ಬಿಡಿಸಿ ಹೇಳುವ ಅರ್ಥವೇನಿಲ್ಲ. ಹೆಡಿ ಲಮಾರ್ ಎಂಬ ಹಾಲಿವುಡ್ ತಾರೆ ವೈಫೈ ಕಂಡುಹಿಡಿದಳು ಎಂಬ ಮಾತು ವಾಟ್ಸ್ಯಾಪಿನಲ್ಲಿ ವರ್ಷಕ್ಕೆರಡು ಬಾರಿ ಬರುತ್ತದೆ. ತರಂಗದಿಂದ ತರಂಗಕ್ಕೆ ಜಿಗಿಯುವ ಟಾರ್ಪಿಡೊ ನಿಯಂತ್ರಣಕ್ಕೆ 1942ರಲ್ಲಿ ಆಕೆಗೂ ಸಂಗೀತಗಾರ ಜಾರ್ಜ್ ಆಂಥೈಲ್‌ಗೂ ಪೇಟೆಂಟ್ ಸಿಕ್ಕಿದ್ದು ನಿಜ. ಅಲ್ಲಿಂದ ವೈಫೈಗೆ ನೇರ ದಾರಿ ಎಳೆಯುವುದು ಅತಿಯಾಯಿತು.

1999ರ ಜುಲೈ 21, ನ್ಯೂಯಾರ್ಕ್. ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಐಬುಕ್ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು ನಡೆದಾಡುತ್ತ, ತಂತಿ ಇಲ್ಲವೆಂದು ತೋರಿಸಲು ಅದನ್ನು ಒಂದು ದೊಡ್ಡ ಬಳೆಯೊಳಗೆ ತೂರಿಸಿದ. ಏರ್‌ಪೋರ್ಟ್ ಎಂದು ಹೆಸರಿಟ್ಟ ಆ ಸೌಲಭ್ಯಕ್ಕೆ 299 ಡಾಲರಿನ ಒಂದು ಪೆಟ್ಟಿಗೆ ಬೇಕಿತ್ತು. ನಮ್ಮ ಕತೆಗೆ ಬೇಕಾದ ಸಂಗತಿ ಇದು: ಮ್ಯಾಕ್ ಓಎಸ್ 9ರ ಕಾಲದಲ್ಲೇ ಆಪಲ್ ಸಾಫ್ಟ್‌ವೇರ್ ಬೇಸ್ ಸ್ಟೇಷನ್ ಎಂಬುದನ್ನೂ ಕೊಟ್ಟಿತು. ಪೆಟ್ಟಿಗೆ ಕೊಳ್ಳದೆ ಒಂದು ಮ್ಯಾಕನ್ನೇ ಪೆಟ್ಟಿಗೆಯ ಪಾತ್ರಕ್ಕೆ ಹಾಕಬಹುದಿತ್ತು.

ಪಿಸಿ ಲೋಕದಲ್ಲಿ ಅದೇ ಕೆಲಸವನ್ನು ಒಬ್ಬ ಫಿನ್‌ಲೆಂಡಿನವ ಮಾಡಿದ. ಯೌನಿ ಮಾಲಿನೆನ್. 2001ರ ಸುಮಾರಿಗೆ ಇಂಟರ್‌ಸಿಲ್ ಕಂಪನಿಯ ಪ್ರಿಸಂ 2 ಎಂಬ ವೈಫೈ ಚಿಪ್ ಅಗ್ಗದ ಕಾರ್ಡುಗಳಲ್ಲಿ ಎಲ್ಲೆಡೆ ಸಿಗುತ್ತಿತ್ತು. ಅದರ ಒಳಗಿನ ಫರ್ಮ್‌ವೇರಿನಲ್ಲಿ ಹೋಸ್ಟ್ ಎಪಿ ಎಂಬ ಒಂದು ವಿಧಾನ ಇತ್ತು. 'ನಾನಿಲ್ಲಿದ್ದೇನೆ' ಎಂದು ಆಗಾಗ ಕೂಗುವುದು, ಬಂದ ಪೊಟ್ಟಣಕ್ಕೆ ತಕ್ಷಣ ರಸೀದಿ ಕೊಡುವುದು ಮುಂತಾದ ಗಡಿಬಿಡಿಯ ಕೆಲಸವನ್ನು ಚಿಪ್ ನೋಡಿಕೊಳ್ಳುತ್ತದೆ. ಯಾರನ್ನು ಒಳಗೆ ಬಿಡಬೇಕು ಬಿಡಬಾರದು ಎಂಬ ಯಜಮಾನಿಕೆಯನ್ನು ಕಂಪ್ಯೂಟರಿಗೆ ಬಿಡುತ್ತದೆ. ಮಾಲಿನೆನ್ ಲಿನಕ್ಸಿಗೆ ಆ ಯಜಮಾನಿಕೆಯ ತಂತ್ರಾಂಶ ಬರೆದ. ಹೋಸ್ಟ್‌ಎಪಿಡಿ ಎಂಬ ಅದರ ಸಂತಾನ ಇವತ್ತು ಲೆಕ್ಕವಿಲ್ಲದಷ್ಟು ರೂಟರುಗಳ, ಆಂಡ್ರಾಯ್ಡ್ ಫೋನುಗಳ ಹೊಟ್ಟೆಯಲ್ಲಿದೆ. ಅದರ ಮೇಲೆ ಅವನ ಹೆಸರು ಓದಿದವರು ಎಷ್ಟು ಮಂದಿಯೋ.

ಇಲ್ಲಿಯವರೆಗೆ ಒಂದು ತೊಡಕು ಉಳಿದಿತ್ತು. ಡಾಂಗಲಿನಿಂದ ಇಂಟರ್‌ನೆಟ್ ಪಡೆದು ವೈಫೈನಲ್ಲಿ ಹಂಚಬಹುದು, ಅದು ಎರಡು ಬೇರೆ ರೇಡಿಯೊಗಳ ಕೆಲಸ. ಇಂಟರ್‌ನೆಟ್ ಬರುವುದೂ ವೈಫೈನಿಂದಲೇ ಆದರೆ? ಹೋಟೆಲಿನ ವೈಫೈ ಒಂದೇ ಯಂತ್ರಕ್ಕೆಂದು ದುಡ್ಡು ಕಟ್ಟಿದ್ದೀರಿ, ಕೈಯಲ್ಲಿ ಎರಡು ಯಂತ್ರ ಇದೆ ಎಂದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿರುವುದು ಒಂದೇ ವೈಫೈ ಕಾರ್ಡು. ಒಂದು ಕಾರ್ಡು ಒಂದು ಸಲಕ್ಕೆ ಒಂದೇ ಜಾಲದಲ್ಲಿರಬಲ್ಲದು. ಒಬ್ಬ ಮನುಷ್ಯ ಎರಡು ಮದುವೆಮನೆಯ ಪಂಕ್ತಿಯಲ್ಲಿ ಒಟ್ಟಿಗೆ ಕೂರುವುದು ಹೇಗೆ?

ಇದಕ್ಕೆ ಉಪಾಯ ಹೊಳೆಸಿದವನು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಣವೀರ್ ಚಂದ್ರ. ಖರಗ್‌ಪುರ ಐಐಟಿಯಲ್ಲಿ ಓದಿದವನು. ಮೈಕ್ರೋಸಾಫ್ಟಿನ ವಿಕ್ಟರ್ ಬಹ್ಲ್ ಮತ್ತು ಪ್ರದೀಪ್ ಬಹ್ಲ್ ಜೊತೆ ಅವನು ಬರೆದ ಮಲ್ಟಿನೆಟ್ ಎಂಬ ಪ್ರಬಂಧ 2004ರಲ್ಲಿ ಹಾಂಗ್‌ಕಾಂಗಿನ ಇನ್ಫೋಕಾಂ ಸಮ್ಮೇಳನದಲ್ಲಿ ಮಂಡನೆಯಾಯಿತು. ಒಂದೇ ವೈರ್‌ಲೆಸ್ ಕಾರ್ಡಿನಿಂದ ಹಲವು ಜಾಲಗಳಿಗೆ ಸೇರುವುದು ಹೇಗೆ ಎಂಬುದೇ ವಿಷಯ. ತಾನು ಒಂದು ಜಾಲದಲ್ಲಿದ್ದುಕೊಂಡೇ ದೂರದ ಇನ್ನೊಬ್ಬನಿಗೆ ಹೆಬ್ಬಾಗಿಲಾಗುವುದು ಅವರು ಕೊಟ್ಟ ಬಳಕೆಗಳಲ್ಲೊಂದು. ನಾವು ಹಾಟ್‌ಸ್ಪಾಟ್ ಎನ್ನುವುದು ಅದನ್ನೇ.

ಉಪಾಯದ ಹೊರಮೈ ಸುಲಭ: ಕಾರ್ಡು ಸ್ವಲ್ಪ ಹೊತ್ತು ಆ ಜಾಲದಲ್ಲಿ, ಸ್ವಲ್ಪ ಹೊತ್ತು ಈ ಜಾಲದಲ್ಲಿ ಇರಲಿ, ಬಳಸುವವನಿಗೆ ಎರಡು ಕಾರ್ಡು ಇದ್ದಂತೆ ತೋರಲಿ. ಆದರೆ ಕಾರ್ಡು ಆಚೆ ಹೋದಾಗ ಈಚೆ ಬಂದ ಪೊಟ್ಟಣಗಳ ಗತಿ? ರೂಟರ್ ಕಳಿಸುತ್ತದೆ, ಉತ್ತರವಿಲ್ಲ, ಮತ್ತೆ ಕಳಿಸುತ್ತದೆ, ಇವನು ಸತ್ತ ಎಂದು ಕೈಬಿಡುತ್ತದೆ. ರೂಟರುಗಳು ಲೋಕದ ತುಂಬ ಆಗಲೇ ಮಾರಾಟವಾಗಿವೆ, ಅವುಗಳನ್ನು ತಿದ್ದಲು ಆಗುವುದಿಲ್ಲ.

ಇಲ್ಲಿ ಬಂತು ಎರಡನೆಯ ಸುಳ್ಳು. 802.11 ನಿಯಮಾವಳಿಯಲ್ಲಿ ಬ್ಯಾಟರಿ ಉಳಿಸಲೆಂದು ಒಂದು ಸೌಲಭ್ಯ ಮೊದಲಿನಿಂದಲೂ ಇದೆ. ಲ್ಯಾಪ್‌ಟಾಪು ರೂಟರಿಗೆ ಒಂದು ಬಿಟ್ ಕಳಿಸಿ 'ನಾನೀಗ ಮಲಗುತ್ತೇನೆ' ಎನ್ನಬಹುದು. ಆಗ ರೂಟರು ಅದಕ್ಕೆ ಬಂದ ಪೊಟ್ಟಣಗಳನ್ನೆಲ್ಲ ತಾನೇ ಎತ್ತಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಅದು ಹೊರಡಿಸುವ ಡಂಗುರದಲ್ಲಿ ಯಾರ್ಯಾರಿಗೆ ಗಂಟು ಬಂದಿದೆ ಎಂದು ಸಾರುತ್ತದೆ. ಎದ್ದವನು ಕೇಳಿಸಿಕೊಂಡು ಇಸಿದುಕೊಂಡರಾಯಿತು. ಮಲ್ಟಿನೆಟ್ ಮಾಡಿದ್ದು ಇಷ್ಟೇ: ಮೊದಲ ಜಾಲಕ್ಕೆ 'ಮಲಗುತ್ತೇನೆ' ಎಂದು ಹೇಳಿ, ಮಲಗದೆ, ಎರಡನೇ ಜಾಲಕ್ಕೆ ಓಡಿಹೋಗುವುದು. ಅಲ್ಲಿ ಕೆಲಸ ಮುಗಿಸಿ ವಾಪಸು ಬಂದು ಆಗತಾನೇ ಎದ್ದವನಂತೆ ಕಣ್ಣುಜ್ಜಿಕೊಂಡು 'ಏನಾದರೂ ಬಂದಿದೆಯೇ' ಎಂದು ಕೇಳುವುದು. ಹಾಸಿಗೆಯ ಮೇಲೆ ದಿಂಬು ಮಲಗಿಸಿ ಹೊದಿಕೆ ಹೊದಿಸಿ ಹಾಸ್ಟೆಲಿನ ಗೋಡೆ ಹಾರಿ ಸೆಕೆಂಡ್ ಶೋಗೆ ಹೋದ ಯಾರಿಗಾದರೂ ಈ ಆವಿಷ್ಕಾರ ಅರ್ಥವಾಗುತ್ತದೆ.

ಹೊಸ ಚಿಪ್ ಇಲ್ಲ, ಹೊಸ ರೂಟರ್ ಇಲ್ಲ. ಇದ್ದ ನಿಯಮವನ್ನು ಬರೆದವರು ಊಹಿಸದ ಕೆಲಸಕ್ಕೆ ಹಚ್ಚಿದ್ದು. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಇದಕ್ಕಿಂತ ಚೆಂದದ ಬುದ್ಧಿ ಇನ್ನೊಂದಿಲ್ಲ. ಬೆಲೆ ತೆರಬೇಕಾದದ್ದು ವೇಗದಲ್ಲಿ. ಪ್ರತಿ ಪೊಟ್ಟಣವೂ ಒಂದೇ ರೇಡಿಯೊದಲ್ಲಿ ಎರಡು ಸಲ ಹಾರಬೇಕು, ಒಳಗೆ ಬರಲು ಒಮ್ಮೆ, ಹಂಚಲು ಒಮ್ಮೆ. ನಡುವೆ ಜಾಲ ಬದಲಿಸುವ ಹೊತ್ತು ಬೇರೆ. ಎರಡೂ ಜಾಲ ಒಂದೇ ಚಾನೆಲ್ಲಿನಲ್ಲಿದ್ದರೆ ಈ ಓಡಾಟ ತಪ್ಪುತ್ತದೆ, ಎರಡು ಹಾರಾಟ ತಪ್ಪುವುದಿಲ್ಲ.

ಆ ಸಂಶೋಧನೆ ವರ್ಚುವಲ್ ವೈಫೈ ಎಂಬ ಹೆಸರಿನಲ್ಲಿ ಬೆಳೆದು 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7ರ ಒಳಗೆ ಸೇರಿತು. ಸೇರಿದ್ದು ಹೇಗೆಂದರೆ, ಮನೆಗೆ ತಂದ ಹೊಸ ಪಾತ್ರೆಯನ್ನು ಅಟ್ಟದ ಮೇಲಿಟ್ಟ ಹಾಗೆ. ಯಂತ್ರದ ಪಟ್ಟಿಯಲ್ಲಿ ವರ್ಚುವಲ್ ವೈಫೈ ಮಿನಿಪೋರ್ಟ್ ಅಡಾಪ್ಟರ್ ಎಂಬ ಒಂದು ಹೆಸರು ಕಾಣುತ್ತಿತ್ತು, ಕೆಲಸ ಮಾಡಿಸಲು ಪರದೆಯ ಮೇಲೆ ಗುಂಡಿಯಿರಲಿಲ್ಲ. ಕಪ್ಪು ಕಿಟಕಿಯ ಆ ಎರಡು ಸಾಲೇ ಬಾಗಿಲು. ಅದನ್ನು ಮೊದಲು ಕಂಡು ಲಾಭ ಮಾಡಿಕೊಂಡದ್ದು ಫಿಲಡೆಲ್ಫಿಯಾದ ಕನೆಕ್ಟಿಫೈ ಎಂಬ ಪುಟ್ಟ ಕಂಪನಿ. ವಿಂಡೋಸ್ 7 ಬಂದ ಮರುತಿಂಗಳೇ ಅದು ಇದೇ ಅಟ್ಟದ ಪಾತ್ರೆಗೆ ಹಿಡಿಕೆ ಹಾಕಿ ಕೊಟ್ಟಿತು. ಉಳಿದವರು ನಮ್ಮ ಹಾಗೆ ಚೀಟಿ ಹಂಚಿಕೊಂಡರು. ಆ ಚೀಟಿ ಕಾಲೇಜಿನಿಂದ ಕಾಲೇಜಿಗೆ, ಪಿಜಿಯಿಂದ ಪಿಜಿಗೆ ಕಜ್ಜಾಯದ ಹದ ಹೇಳಿಕೊಟ್ಟ ಹಾಗೆ ಹೋಯಿತು. ಪಾಸ್‌ವರ್ಡಿಗೆ ಎಂಟಕ್ಕಿಂತ ಕಡಿಮೆ ಅಕ್ಷರ ಕೊಟ್ಟರೆ ಆಗುವುದಿಲ್ಲ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದರೆ ಸ್ಟಾರ್ಟ್ ಸಾಲನ್ನು ಮತ್ತೆ ಬರೆಯಬೇಕು ಎಂಬ ಒಳಗುಟ್ಟುಗಳೂ ಅದರ ಜೊತೆಗೆ.

ಅಷ್ಟರಲ್ಲಿ ಫೋನುಗಳು ಮುಂದೆ ಓಡಿದ್ದವು. 2008ರಲ್ಲೇ ನೋಕಿಯಾ ಫೋನುಗಳಿಗೆ ಜೊಯ್ಕುಸ್ಪಾಟ್ ಬಂದಿತ್ತು. 2010ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ 2.2, 2011ರ ಮಾರ್ಚಿನಲ್ಲಿ ಐಫೋನ್ 4 ಹಾಟ್‌ಸ್ಪಾಟನ್ನು ಸೆಟ್ಟಿಂಗ್ಸ್‌ನಲ್ಲೇ ಇಟ್ಟವು. ಡಾಂಗಲುಗಳು ಕಪಾಟಿನ ಮೂಲೆ ಸೇರಿದವು. ಲ್ಯಾಪ್‌ಟಾಪಿಗೆ ಗುಂಡಿ ಸಿಕ್ಕಿದ್ದು 2016ರ ಆಗಸ್ಟಿನಲ್ಲಿ, ವಿಂಡೋಸ್ 10ರ ಒಂದು ಅಪ್‌ಡೇಟಿನೊಂದಿಗೆ: ಮೊಬೈಲ್ ಹಾಟ್‌ಸ್ಪಾಟ್, ಎಂಟು ಯಂತ್ರಗಳವರೆಗೆ. ಕಾಗದದ ಮೇಲಿನ ಉಪಾಯ ಬೆರಳಿಗೆ ಸಿಗಲು ಹನ್ನೆರಡು ವರ್ಷ ಹಿಡಿಯಿತು.

ನಾವು ನಾಲ್ವರು ಈಗ ನಾಲ್ಕು ಊರಲ್ಲಿದ್ದೇವೆ. ಧಾರವಾಡದವನಿಗೆ ಮೊನ್ನೆ ಫೋನ್ ಮಾಡಿದಾಗ ಆ ಎರಡು ಸಾಲು ನೆನಪಿದೆಯೇ ಎಂದು ಕೇಳಿದೆ. 'ಬಟ್ಟಿಗೆ ನೆನಪೈತಿ, ಬಾಯಿಗೆ ಇಲ್ಲ' ಎಂದ. ಬಟ್ಟು ಎಂದರೆ ಅವರ ಕಡೆ ಬೆರಳು.

ನಿಮ್ಮ ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಹಾಟ್‌ಸ್ಪಾಟ್ ಗುಂಡಿ ಒತ್ತಿ, ಫೋನನ್ನು ಅದಕ್ಕೆ ಸೇರಿಸಿ, ಫೋನಿನ ವೈಫೈ ವಿವರಗಳಲ್ಲಿ ಗೇಟ್‌ವೇ ಎಂಬ ಸಾಲು ನೋಡಿ. ನೀವಾಗಿ ಬದಲಾಯಿಸಿರದಿದ್ದರೆ ಅಲ್ಲಿರುವುದು ಈಗಲೂ 192.168.137.1.